ತೆಳು ಅಟ್ಟೆಯ ಪಾದರಕ್ಷೆ: ಯಾರಿಗೆ ಹಿತ, ಯಾರಿಗೆ ಅಹಿತ?

ಮನುಷ್ಯನ ಒಂದೊಂದು ಪಾದದಲ್ಲಿಯೂ 26 ಮೂಳೆಗಳೂ 33 ಕೀಲುಗಳೂ ಇವೆ. ಇವುಗಳನ್ನು ಬಿಗಿದು ಹಿಡಿದಿರುವ ಸ್ನಾಯುಗಳು ಮತ್ತು ತಂತುಗಳು ಅಂಗಾಲಿಗೆ ಕಮಾನಿನ ಆಕಾರವನ್ನು ಕೊಟ್ಟಿವೆ. ನಾವು ಹೆಜ್ಜೆಯಿಟ್ಟಾಗ ಈ ಕಮಾನು ತುಸು ತಗ್ಗಿ, ಮತ್ತೆ ಪುಟಿದು, ದೇಹದ ಭಾರವನ್ನು ಮುಂದಕ್ಕೆ ಸಾಗಿಸುತ್ತದೆ. ಇಂತಹ ಅಂಗವನ್ನು ಯಾವ ಬಗೆಯ ಪಾದರಕ್ಷೆಯಲ್ಲಿ ಇಡುತ್ತೇವೆ ಎಂಬುದು ಅಲಕ್ಷಿಸತಕ್ಕ ವಿಷಯವಲ್ಲ.

ದಪ್ಪ ಮೆತ್ತೆಯ ಷೂಗಳನ್ನು ಬಿಟ್ಟು ತೆಳು ಅಟ್ಟೆಯವನ್ನೇ ಧರಿಸಬೇಕೆಂಬ ಅಭಿಪ್ರಾಯವನ್ನು ನೀವೂ ಕೇಳಿರಬಹುದು. ಪೊಲೀಸ್ ಮತ್ತು ಸೇನಾ ನೇಮಕಾತಿಯ ಓಟಕ್ಕೆ ಸಿದ್ಧರಾಗುವ ತರುಣರು ಇದನ್ನು ವಿಚಾರಿಸುತ್ತಾರೆ. ಸಕ್ಕರೆ ಕಾಯಿಲೆಯ ಕಾರಣ ಮುಂಜಾನೆ ನಡಿಗೆ ಆರಂಭಿಸಿದ ಹಿರಿಯರೂ ವಿಚಾರಿಸುತ್ತಾರೆ. ಇವರಿಬ್ಬರಿಗೂ ಒಂದೇ ಉತ್ತರ ಸಲ್ಲದು.

ತೆಳು ಅಟ್ಟೆಯ ಪಾದರಕ್ಷೆ ಎಂದರೇನು?

ಇದರ ಅಟ್ಟೆ ತೆಳುವಾಗಿ, ಕೈಯಿಂದ ಸುಲಭವಾಗಿ ಮಡಿಸಲು ಬರುವಂತಿರುತ್ತದೆ. ಹಿಮ್ಮಡಿಯ ಭಾಗವೂ ಬೆರಳುಗಳ ಭಾಗವೂ ಒಂದೇ ಎತ್ತರದಲ್ಲಿರುತ್ತವೆ. ಬೆರಳುಗಳು ಹರಡಿಕೊಳ್ಳಲು ಮುಂಭಾಗ ಅಗಲವಾಗಿರುತ್ತದೆ. ಹವಾಯಿ ಚಪ್ಪಲಿಯೂ ಚಪ್ಪಟೆಯಾದದ್ದೇ. ಆದರೆ ಹಿಂದೆ ಪಟ್ಟಿಯಿಲ್ಲದ ಕಾರಣ ಅದು ಜಾರದಂತೆ ಬೆರಳುಗಳಿಂದ ಸದಾ ಬಿಗಿಹಿಡಿಯಬೇಕಾಗುತ್ತದೆ. ಆದುದರಿಂದ ಅದು ಓಟಕ್ಕೆ ತಕ್ಕದ್ದಲ್ಲ.

ಪ್ರಯೋಜನಗಳು

ಬಳಸದ ಸ್ನಾಯು ಸೊರಗುತ್ತದೆ. ತೆಳು ಅಟ್ಟೆಯಲ್ಲಿ ಪಾದದ ಸಣ್ಣ ಸ್ನಾಯುಗಳು ಹೆಚ್ಚು ದುಡಿದು ಕ್ರಮೇಣ ಬಲಗೊಳ್ಳುತ್ತವೆ. ನಮ್ಮ ರಾಜ್ಯದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರು 4ರಿಂದ 13 ವರ್ಷದ 2300 ಮಕ್ಕಳ ಪಾದಗಳನ್ನು ಪರೀಕ್ಷಿಸಿ 1992ರಲ್ಲಿ ವರದಿ ಪ್ರಕಟಿಸಿದರು. ಪಾದರಕ್ಷೆ ಧರಿಸುತ್ತಿದ್ದ ಮಕ್ಕಳಲ್ಲಿ ಶೇಕಡ 8.6 ಮಂದಿಗೆ ಚಪ್ಪಟೆ ಪಾದವಿದ್ದರೆ, ಧರಿಸದವರಲ್ಲಿ ಅದು ಶೇಕಡ 2.8 ಮಾತ್ರ ಇತ್ತು. ಬೆರಳು ಮುಚ್ಚುವ ಷೂ ಧರಿಸುವವರಲ್ಲಿ ಈ ದೋಷ ಹೆಚ್ಚಾಗಿ ಕಂಡುಬಂದಿತು. ಆದುದರಿಂದ ಚಿಕ್ಕ ಮಕ್ಕಳನ್ನು ಶುಚಿಯಾದ ಮನೆಯೊಳಗೆ ಬರಿಗಾಲಿನಲ್ಲಿ ಆಡಲು ಬಿಡಿ. ಹೊರಗೆ ಹೋಗುವಾಗ ಅಗಲವಾದ, ಮೃದುವಾದ, ಹಿಂಪಟ್ಟಿಯಿರುವ ಸ್ಯಾಂಡಲ್ ಹಾಕಿ.

ಭಾರ ಇಳಿಯುವುದಿಲ್ಲ, ಸ್ಥಳ ಬದಲಿಸುತ್ತದೆ

ದಪ್ಪ ಮೆತ್ತೆಯ ಷೂ ಧರಿಸಿದವರಲ್ಲಿ ಹೆಚ್ಚಿನವರು ಓಡುವಾಗ ಮೊದಲು ಹಿಮ್ಮಡಿಯನ್ನು ಊರುತ್ತಾರೆ. ಬರಿಗಾಲಿನ ಓಟಕ್ಕೆ ಪಳಗಿದವರು ಸಾಮಾನ್ಯವಾಗಿ ಪಾದದ ಮುಂಭಾಗವನ್ನು ಊರುತ್ತಾರೆ. ಇದರಿಂದ ಮೊಣಕಾಲಿನ ಹೊರೆ ಕೊಂಚ ತಗ್ಗಿದರೂ ಮೀನಖಂಡ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಹಾಗೂ ಪಾದದ ನೀಳ ಮೂಳೆಗಳ ಮೇಲಿನ ಹೊರೆ ಹೆಚ್ಚುತ್ತದೆ. ಸ್ನಾಯು ಬೇಗ ಬಲಗೊಳ್ಳಬಹುದು; ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು.

ಅಮೆರಿಕದಲ್ಲಿ ಅನುಭವಿ ಓಟಗಾರರನ್ನು 10 ವಾರಗಳ ಕಾಲ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯೊಂದು ಈ ಮಾತನ್ನು ಪುಷ್ಟೀಕರಿಸುತ್ತದೆ. ತೆಳು ಅಟ್ಟೆಗೆ ಬದಲಾದ 19 ಮಂದಿಯ ಪೈಕಿ 10 ಮಂದಿಯ ಪಾದದ ಮೂಳೆಯೊಳಗೆ ಬಾವು ಹೆಚ್ಚಿದ್ದು ಕಂಡುಬಂದಿತು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದುದನ್ನು ಕೆಲವರು ಉದಾಹರಿಸುತ್ತಾರೆ. ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಷೂ ಧರಿಸಿ ಮತ್ತೆ ಗೆದ್ದರು ಎಂಬುದನ್ನೂ ನೆನಪಿಡಬೇಕು.

ಬದಲಾಯಿಸುವ ಕ್ರಮ

1. ಮೊದಲ ಎರಡು ವಾರ ಮನೆಯಲ್ಲಿಯೂ ಸಮೀಪದ ನಡಿಗೆಯಲ್ಲಿಯೂ ಮಾತ್ರ, ದಿನಕ್ಕೆ ಅರ್ಧ ಗಂಟೆ ಧರಿಸಿ. ಓಡಬೇಡಿ.
2. ಅನಂತರ ವಾರವಾರವೂ ನಡಿಗೆಯ ಅವಧಿಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ.
3. ತಿಂಗಳು ಕಳೆದ ಮೇಲೆ, ನಿಮ್ಮ ಓಟದ ಹತ್ತರಲ್ಲಿ ಒಂದು ಭಾಗವನ್ನು ಮಾತ್ರ ಇದರಲ್ಲಿ ಓಡಿ. ಉಳಿದುದನ್ನು ಹಳೆಯ ಷೂಗಳಲ್ಲಿಯೇ ಪೂರೈಸಿ.
4. ಪ್ರತಿದಿನ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಗಳನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮ ಮಾಡಿ.
5. ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟರೆ ಒಂದೇ ಜಾಗದಲ್ಲಿ ನೋವಾದರೆ ಓಟವನ್ನು ಕೂಡಲೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಅದು ಮೂಳೆಯ ಕೂದಲೆಳೆಯ ಬಿರುಕಾಗಿರಬಹುದು.

ನೇಮಕಾತಿಯ ಓಟಕ್ಕೆ ಎರಡು ಮೂರು ತಿಂಗಳು ಮಾತ್ರ ಉಳಿದಿದ್ದರೆ ಪಾದರಕ್ಷೆಯನ್ನು ಬದಲಾಯಿಸಲೇಬೇಡಿ. ಒಂದು ಬಿರುಕಿನಿಂದ ವರ್ಷದ ಅವಕಾಶವೇ ಕೈತಪ್ಪೀತು.

ನಮ್ಮ ನೆಲದ ಗುಣ

ಬಳ್ಳಾರಿ ನಗರದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಡಾಂಬರು ರಸ್ತೆ ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ತೆಳು ಅಟ್ಟೆ ಈ ಕಾವನ್ನು ತಡೆಯದು. ಸೂರ್ಯೋದಯದ ವೇಳೆಯಲ್ಲಿ, ಮಣ್ಣಿನ ಮೈದಾನದಲ್ಲಿ ಅಭ್ಯಾಸ ಮಾಡುವುದು ಕ್ಷೇಮ. ಕುರುಗೋಡಿನ ಕಲ್ಲುಗುಡ್ಡಗಳ ಸುತ್ತಲಿನ ದಾರಿಗಳಲ್ಲಿ ಚೂಪುಗಲ್ಲುಗಳುಂಟು. ಬಳ್ಳಾರಿ ಜಾಲಿಯೆಂದು ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಗಿಡದ ಮುಳ್ಳು ತೆಳು ರಬ್ಬರನ್ನು ಸುಲಭವಾಗಿ ತೂರುತ್ತದೆ. ಹೊಲಕ್ಕೂ ಕುರುಚಲು ಕಾಡಿಗೂ ಹೋಗುವವರಿಗೆ ಗಟ್ಟಿ ಅಟ್ಟೆಯ ಮೆಟ್ಟುಗಳೇ ಉತ್ತಮ. ಮುಳ್ಳು ಚುಚ್ಚಿದರೆ ಗಾಯವನ್ನು ಸಾಬೂನಿನಿಂದ ತೊಳೆದು, ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ದುಡಿಯುವವರು ಬರಿಗಾಲಿನಲ್ಲಿ ಕೆಸರಿಗಿಳಿಯುವುದುಂಟು. ಬಯಲಿನಲ್ಲಿ ಮಲವಿಸರ್ಜನೆಯಾದ ತೇವದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿದ್ದು, ಬರಿಗಾಲಿನ ಚರ್ಮದ ಮೂಲಕ ದೇಹವನ್ನು ಸೇರುತ್ತವೆ. ಅವು ಕರುಳಿನಲ್ಲಿ ನೆಲಸಿ ರಕ್ತಹೀನತೆಯನ್ನು ತರುತ್ತವೆ. ಗರ್ಭಿಣಿಯರಿಗೆ ಇದು ವಿಶೇಷವಾಗಿ ಹಾನಿಕರ. ಪಾದವನ್ನು ಬಲಪಡಿಸುವುದೆಂದರೆ ಎಲ್ಲೆಡೆಯೂ ಬರಿಗಾಲಿನಲ್ಲಿ ತಿರುಗುವುದೆಂದು ಭಾವಿಸಬಾರದು.

ಯಾರು ಧರಿಸಬಾರದು?

ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ತೆಳು ಅಟ್ಟೆ ಅಪಾಯಕಾರಿ. ದೀರ್ಘಕಾಲದ ಸಕ್ಕರೆ ಕಾಯಿಲೆಯಲ್ಲಿಯೂ ಕುಷ್ಠರೋಗದಲ್ಲಿಯೂ ನರಗಳು ಕೆಟ್ಟು, ಮುಳ್ಳು ನೆಟ್ಟರೂ ಅಂಗಾಲು ಸುಟ್ಟರೂ ತಿಳಿಯುವುದಿಲ್ಲ. ನೋವಿಲ್ಲದ ಗಾಯವನ್ನು ಯಾರೂ ಗಮನಿಸುವುದಿಲ್ಲ. ಅದು ಕೊಳೆತು ಬೆರಳನ್ನೋ ಪಾದವನ್ನೋ ಕತ್ತರಿಸುವ ಸ್ಥಿತಿಗೆ ತರಬಹುದು. ಇಂತಹವರಿಗೆ ಒಳಗೆ ಮೃದುವಾಗಿಯೂ ಹೊರಗೆ ಗಟ್ಟಿಯಾಗಿಯೂ ಇರುವ ಪಾದರಕ್ಷೆ ಬೇಕು. ಕುಷ್ಠರೋಗದಿಂದ ಪಾದ ಮರಗಟ್ಟಿದವರಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ಎಂ.ಸಿ.ಆರ್. ರಬ್ಬರಿನ ಚಪ್ಪಲಿಗಳನ್ನು ಉಚಿತವಾಗಿ ಕೊಡಲಾಗುತ್ತದೆ.

ಸ್ಪರ್ಶಜ್ಞಾನವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮನೆಯ ಹಿರಿಯರು ಕಣ್ಣು ಮುಚ್ಚಿ ಮಲಗಲಿ. ನೀವು ತೋರುಬೆರಳಿನ ತುದಿಯಿಂದ ಅವರ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ, ಒತ್ತಬೇಡಿ, ಸವರಬೇಡಿ. ಮುಟ್ಟಿದಾಗಲೆಲ್ಲ ಅವರು ಹೇಳಬೇಕು. ಆರು ಸ್ಥಳಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಸ್ಪರ್ಶ ಕುಂದಿದೆಯೆಂದು ಬಗೆದು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಸಕ್ಕರೆ ಕಾಯಿಲೆಯುಳ್ಳವರು ಪ್ರತಿರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದನ್ನೂ, ಮೆಟ್ಟುವ ಮುನ್ನ ಪಾದರಕ್ಷೆಯೊಳಗೆ ಕೈಯಾಡಿಸಿ ಕಲ್ಲು ಮುಳ್ಳುಗಳಿಲ್ಲವೆಂದು ಖಚಿತಪಡಿಸಿಕೊಳ್ಳುವುದನ್ನೂ ರೂಢಿಮಾಡಿಕೊಳ್ಳಬೇಕು.

ಆರೋಗ್ಯವಂತರಾದ ತರುಣರು ತೆಳು ಅಟ್ಟೆಗೆ ಬದಲಾಗಬಹುದು, ಆದರೆ ನಿಧಾನವಾಗಿ. ಸ್ಪರ್ಶಜ್ಞಾನವಿಲ್ಲದವರು ಬದಲಾಗಲೇಕೂಡದು. ಹೊಸ ಪಾದರಕ್ಷೆಯನ್ನು ಕೊಳ್ಳುವ ಮುನ್ನ ಮನೆಯವರೆಲ್ಲರ ಪಾದಗಳನ್ನು ಮೇಲೆ ಹೇಳಿದಂತೆ ಒಮ್ಮೆ ಪರೀಕ್ಷಿಸಿರಿ.