ಫ್ರೀಕ್ವೆನ್ಸಿ ಒಮ್ಮೆ ಸೆಟ್ ಮಾಡಿದರೆ ಸಾಕೇ?

“ಫ್ರೀಕ್ವೆನ್ಸಿ ಸೆಟ್ ಮಾಡಿಯೇ ಕಳಿಸಿದ್ದಾರೆ, ಮತ್ತೆ ಮುಟ್ಟಬೇಡಿ ಸರ್.” ಸಣ್ಣ ಇಂಡಕ್ಷನ್ ಫರ್ನೇಸ್ ಇರುವ ವರ್ಕ್‌ಶಾಪ್‌ಗಳಲ್ಲಿ ಈ ಮಾತು ಎಷ್ಟೋ ಸಲ ಕೇಳಿದ್ದೇನೆ. ಐಜಿಬಿಟಿ ಎಂಬ ಪವರ್ ಸ್ವಿಚ್ ಸುಟ್ಟು ಕೆಲಸ ನಿಂತದ್ದನ್ನೂ ಕಂಡಿದ್ದೇನೆ. ಎರಡಕ್ಕೂ ನಂಟಿದೆ.

ಫರ್ನೇಸ್ ಯಾವ ಆವರ್ತನದಲ್ಲಿ, ಅಂದರೆ ಫ್ರೀಕ್ವೆನ್ಸಿಯಲ್ಲಿ, ಅನುರಣಿಸಬೇಕು ಎಂಬುದನ್ನು ಕಾಯಿಲ್, ಕೆಪಾಸಿಟರ್ ಮತ್ತು ಕಾಯಿಲ್ ಒಳಗಿನ ಲೋಹ ಸೇರಿ ತೀರ್ಮಾನಿಸುತ್ತವೆ. ಲೋಹ ಬಿಸಿಯಾದಂತೆ ತೀರ್ಮಾನವೂ ಬದಲಾಗುತ್ತದೆ. ಮೂಸೆಗೆ ಕಬ್ಬಿಣದ ಬೋಲ್ಟು ಹಾಕಿ ಮೀಟರ್ ನೋಡುತ್ತ ನಿಲ್ಲಿ. ಬೋಲ್ಟು ಕೆಂಪೇರಿ 770 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಕಬ್ಬಿಣ ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ, ಕಾಯಿಲ್‌ನ ಇಂಡಕ್ಟನ್ಸ್ ಕುಸಿಯುತ್ತದೆ. ಅದು ಶೇ. 20ರಷ್ಟು ಇಳಿದರೆ ಅನುರಣನ ಆವರ್ತನ ಸುಮಾರು ಶೇ. 12ರಷ್ಟು ಏರುತ್ತದೆ. ಅನುರಣನ ಎಷ್ಟು ಚೂಪು ಎಂದು ಹೇಳುವ ಕ್ಯೂ ಮೌಲ್ಯ 10 ಇರುವ ಸರಣಿ ಸರ್ಕ್ಯೂಟ್‌ನಲ್ಲಿ ಹಳೆಯ ಆವರ್ತನಕ್ಕೇ ಅಂಟಿಕೊಂಡರೆ ಲೋಹಕ್ಕೆ ಸಿಗುವ ಪವರ್ ಆರನೇ ಒಂದು ಪಾಲಿಗೆ ಬೀಳುತ್ತದೆ. ಇನ್ನೂ ಕೆಟ್ಟದ್ದೆಂದರೆ, ಈಗ ಕಾಯಿಲ್‌ಗೆ ಕರೆಂಟ್ ಕೊಡುವ ಇನ್ವರ್ಟರ್ ಅನುರಣನಕ್ಕಿಂತ ಕೆಳಗೆ ಓಡುತ್ತಿರುತ್ತದೆ. ಕರೆಂಟ್ ವೋಲ್ಟೇಜಿಗಿಂತ ಮುಂದೆ ಹೋಗುತ್ತದೆ, ಸ್ವಿಚಿಂಗ್ ಒರಟಾಗುತ್ತದೆ, ಐಜಿಬಿಟಿ ಬಲಿಯಾಗುತ್ತದೆ.

ಇದನ್ನು ತಪ್ಪಿಸಲು ಆಟೋಮ್ಯಾಟಿಕ್ ಕಂಟ್ರೋಲ್ ಮಾಡುವ ಕೆಲಸ ಇಷ್ಟೇ: ವೋಲ್ಟೇಜು, ಕರೆಂಟುಗಳ ಫೇಸ್ ಅಂತರವನ್ನು ಎಡೆಬಿಡದೆ ಅಳೆದು, ಆವರ್ತನವನ್ನು ಅನುರಣನಕ್ಕಿಂತ ತುಸು ಮೇಲೆಯೇ ಇಡುವುದು. 4046ರಂಥ ಹಳೆಯ ಫೇಸ್ ಲಾಕ್ ಚಿಪ್‌ನಿಂದಲೂ ಇದು ಸಾಧ್ಯ. ಆದರೆ ಆವರ್ತನಕ್ಕೆ ಕೆಳಮಿತಿ ಹಾಕಿರಬೇಕು, ಶುರುವಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿದು ಹುಡುಕಬೇಕು.

“ಆಟೋಮ್ಯಾಟಿಕ್ ಇದ್ದರೆ ಶಾಖವೂ ತಾನಾಗಿ ನಿಲ್ಲುತ್ತದೆ” ಎಂದು ನಂಬಿದವರೂ ಇದ್ದಾರೆ. ನಿಲ್ಲುವುದಿಲ್ಲ. ಶಾಖ ನೋಡಲು ಪೈರೋಮೀಟರ್ ಬೇರೆಯೇ ಬೇಕು.

“ಆವರ್ತನ ಹೆಚ್ಚಿದಷ್ಟೂ ಬೇಗ ಕರಗುತ್ತದೆ” ಎಂಬುದೂ ಅರ್ಧ ಸತ್ಯ. ಕೆಂಪಗೆ ಕಾದ ಕಬ್ಬಿಣದಲ್ಲಿ 10 ಕಿಲೋಹರ್ಟ್ಸ್ ಕರೆಂಟ್ ಸುಮಾರು 5 ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ; 100 ಕಿಲೋಹರ್ಟ್ಸ್‌ನಲ್ಲಿ 2 ಮಿಲಿಮೀಟರ್ ಕೂಡ ಇಳಿಯದು. ಸಣ್ಣ ಚೂರುಗಳಿಗೆ ಹೆಚ್ಚು ಆವರ್ತನ ಒಪ್ಪುತ್ತದೆ, ದಪ್ಪ ತುಂಡಿಗೆ ಕಡಿಮೆಯದೇ ಸರಿ.

ಹೊಸ ಫರ್ನೇಸ್ ಕೊಳ್ಳುವಾಗ ಖಾಲಿ ಕಾಯಿಲ್‌ನ ಡೆಮೊ ನೋಡಿ ಒಪ್ಪಬೇಡಿ. ತಣ್ಣನೆಯ ಕಬ್ಬಿಣ ಹಾಕಿಸಿ, ಅದು ಪೂರ್ತಿ ಕರಗುವವರೆಗೂ ಎದುರಿಗೇ ಓಡಿಸಲು ಹೇಳಿ. ಕೆಂಪೇರುವ ಹೊತ್ತಿಗೆ ಮೀಟರಿನಲ್ಲಿ ಆವರ್ತನ ತಾನಾಗಿ ಮೇಲೇರಿದರೆ ಮಾತ್ರ ಹಣ ಕೊಡಿ.