ನಂಜನಗೂಡು ತಿರುಮಲಾಂಬಾ: ಒಂದು ಪರಿಚಯ

ಕಾವ್ಯರಚನೆ ಮತ್ತು ಸ್ತ್ರೀಶಿಕ್ಷಣಗಳೆರಡನ್ನೂ ಒಂದೇ ವ್ರತವೆಂದು ಭಾವಿಸಿದ ಮಹಿಳೆಯರು ಹತ್ತೊಂಬತ್ತನೆಯ ಶತಮಾನದಲ್ಲಿ ಹಲವು ದೇಶಗಳಲ್ಲಿ ಕಾಣಬರುತ್ತಾರೆ. 1848ರಲ್ಲಿ ಪುಣೆಯ ಬಾಲಿಕೆಯರ ಶಾಲೆಯಲ್ಲಿ ಬೋಧನೆಗೆ ತೊಡಗಿ, 1854ರಲ್ಲಿ ತಮ್ಮ ಕವನಸಂಗ್ರಹವನ್ನು ಹೊರತಂದ ಸಾವಿತ್ರಿಬಾಯಿ ಫುಲೆಯವರು ಭಾರತದಲ್ಲಿ ಈ ಪರಂಪರೆಯ ಆದ್ಯರು. ಕನ್ನಡದಲ್ಲಿ ಇದನ್ನು ಮುಂದಿನ ಪೀಳಿಗೆಗೆ ತಂದವರಲ್ಲಿ ನಂಜನಗೂಡು ತಿರುಮಲಾಂಬಾ ಅವರ ಹೆಸರು ಅಗ್ರಗಣ್ಯವಾದುದು.

ತಿರುಮಲಾಂಬಾ ಅವರು 1887ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ಎಳವೆಯಲ್ಲಿಯೇ ವಿವಾಹವಾಗಿ, ಹದಿನಾಲ್ಕರ ವಯಸ್ಸಿಗೆ ವೈಧವ್ಯವನ್ನು ಪಡೆದರು. ಮೈಸೂರಿನಲ್ಲಿ 1881ರಲ್ಲಿಯೇ ಬಾಲಿಕೆಯರಿಗಾಗಿ ಮಹಾರಾಣಿ ಶಾಲೆ ಸ್ಥಾಪಿತವಾಗಿದ್ದರೂ, ಅಂದಿನ ಸಂಪ್ರದಾಯಸ್ಥ ಮನೆತನದ ಬಾಲವಿಧವೆಗೆ ಹೊಸ್ತಿಲು ದಾಟುವುದೇ ದುಸ್ತರವಾಗಿತ್ತು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರ ಪ್ರೋತ್ಸಾಹದಿಂದ ಅವರು ಮನೆಯಲ್ಲಿಯೇ ಓದಿದರು. ಓದಿದುದನ್ನು ನೆರೆಹೊರೆಯ ಹೆಣ್ಣುಮಕ್ಕಳಿಗೆ ಕಲಿಸಿದರು.

ಆದರೆ ಮನೆಯ ಜಗಲಿಯಲ್ಲಿ ಕೂರುವಷ್ಟು ಮಂದಿಗೆ ಮಾತ್ರ ಆ ಪಾಠ ಸಲ್ಲುತ್ತಿತ್ತು. ಈ ಮಿತಿಯನ್ನು ಮೀರಲು ಅವರು ಆಶ್ರಯಿಸಿದುದು ಮುದ್ರಣವನ್ನು. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ‘ಸುಶೀಲೆ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಮುಂದೆ ಕಾದಂಬರಿ, ನಾಟಕ, ಗೀತೆ, ಪ್ರಬಂಧಗಳು ಬಂದವು. 1917ರಲ್ಲಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿದರು. ಹೀಗೆ ಶಾಲೆಗೆ ಹೋಗಲಾರದ ಹೆಣ್ಣುಮಕ್ಕಳ ಬಳಿಗೆ ಶಾಲೆಯೇ ಹೋದಂತಾಯಿತು.

ಇಲ್ಲಿ ಒಂದು ಪ್ರಶ್ನೆ ಉದ್ಭವಿಸುತ್ತದೆ. ‘ಸುಶೀಲೆ’ ಪಾತಿವ್ರತ್ಯವನ್ನು ಆದರ್ಶವೆಂದು ಎತ್ತಿಹಿಡಿಯುತ್ತದೆ. ಹಾಗಿರಲು ತಿರುಮಲಾಂಬಾ ಅವರನ್ನು ಸುಧಾರಕರೆನ್ನಬಹುದೆ? ಕೃತಿಯ ಬೋಧೆಯನ್ನು ಮಾತ್ರ ನೋಡಿದರೆ ಅವರು ಸಂಪ್ರದಾಯನಿಷ್ಠರೇ ಸರಿ. ಆದರೆ ಕೃತಿಯ ಜೊತೆಗೆ ಕೃತ್ಯವನ್ನೂ ತೂಗಬೇಕು. ಸಮಾಜವು ಮೂಲೆಗೆ ಸರಿಸಿದ ವಿಧವೆಯೊಬ್ಬಳು ತಾನೇ ಬರೆದು, ತಾನೇ ಪ್ರಕಟಿಸಿ, ತಾನೇ ಪತ್ರಿಕೆ ನಡೆಸಿದುದು ಆಕೆಯ ಯಾವ ಕಥೆಗಿಂತಲೂ ದಿಟ್ಟವಾದುದು. ಪರಿಚಿತವಾದ ಆದರ್ಶದ ಭಾಷೆಯಲ್ಲಿ ನುಡಿದುದರಿಂದಲೇ ಆ ಪುಸ್ತಕಗಳಿಗೆ ಸಂಪ್ರದಾಯಸ್ಥರ ಮನೆಯ ಬಾಗಿಲು ತೆರೆದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಮುಂದೆ ಅವರ ಲೇಖನಿ ದಶಕಗಳ ಕಾಲ ಮೌನ ತಾಳಿತು. ನಾಡು ಅವರನ್ನು ಬಹುಮಟ್ಟಿಗೆ ಮರೆಯಿತು. ವೃದ್ಧಾಪ್ಯದಲ್ಲಿ ಮದರಾಸಿನಲ್ಲಿ ನೆಲಸಿದ್ದ ಅವರನ್ನು ಅರಸಿ ಕಂಡು, ಮತ್ತೆ ಕನ್ನಡಿಗರಿಗೆ ಪರಿಚಯಿಸಿದ ಶ್ರೇಯಸ್ಸು ಚಿ. ನ. ಮಂಗಳಾ ಅವರದು. 1982ರಲ್ಲಿ ತಿರುಮಲಾಂಬಾ ನಿಧನರಾದರು. ಬೆಂಗಳೂರಿನ ‘ಶಾಶ್ವತಿ’ ಸಂಸ್ಥೆಯು ಲೇಖಕಿಯರಿಗಾಗಿ ಸ್ಥಾಪಿಸಿದ ಪ್ರಶಸ್ತಿಯು ಅವರ ಹೆಸರನ್ನು ಹೊತ್ತಿದೆ.

ಹೆಸರು ಉಳಿದರೆ ಸಾಲದು, ಕೃತಿಗಳೂ ಉಳಿಯಬೇಕು. ಕಾದಂಬರಿಯ ಚರಿತ್ರೆಯನ್ನು ಬೋಧಿಸುವಾಗ 1899ರ ‘ಇಂದಿರಾಬಾಯಿ’ಯನ್ನು ಸ್ಮರಿಸುವ ನಾವು, ‘ಸುಶೀಲೆ’ಯನ್ನು ಹೆಸರಿಸಿ ಮುಂದೆ ಸಾಗುವ ಬದಲು ತೆರೆದು ಓದುವುದು ಯುಕ್ತ.