ಡಕೋಟಾ ಬಯಲಿನಲ್ಲಿ ಡೇರೆ: ನಂಬಿಕೆ ಒಂದು, ನಿಜ ಇನ್ನೊಂದು

ಶಿಕಾಗೋ, ಮಿನಿಯಾಪೊಲಿಸ್ ಕಡೆಯಿಂದ ಯೆಲ್ಲೊಸ್ಟೋನ್‌ಗೆ ಕಾರಿನಲ್ಲಿ ಹೊರಟವರಿಗೆ ಅಮೆರಿಕದ ಉತ್ತರ ಮತ್ತು ದಕ್ಷಿಣ ಡಕೋಟಾ ರಾಜ್ಯಗಳೆಂದರೆ ಬೇಗ ದಾಟಿಬಿಡಬೇಕಾದ ಹುಲ್ಲುಗಾವಲು. ಬೇಸಿಗೆ ರಜೆಯಲ್ಲಿ ಮೌಂಟ್ ರಷ್‌ಮೋರ್ ನೋಡಲು ಹೋಗುವ ಅಲ್ಲಿನ ಕನ್ನಡ ಕುಟುಂಬಗಳೂ ಇದೇ ದಾರಿ ಹಿಡಿಯುತ್ತವೆ. ನಡುವೆ ಒಂದು ರಾತ್ರಿ ಡೇರೆ ಹಾಕೋಣವೆಂದು ಯಾರಾದರೂ ಹೇಳಿದರೆ ಉಳಿದವರು ತಕ್ಷಣ ಒಪ್ಪುತ್ತಾರೆ. ಬಯಲು ತಾನೇ, ದಟ್ಟ ಕಾಡಿಲ್ಲ, ಕಡಿದಾದ ಕಣಿವೆಯಿಲ್ಲ, ಏನಾದೀತು?

ಆಗುವುದು ಆಕಾಶದಿಂದ. 1936ರ ಫೆಬ್ರುವರಿಯಲ್ಲಿ ಉತ್ತರ ಡಕೋಟಾದ ಪಾರ್ಶಲ್ ಊರಿನಲ್ಲಿ ಉಷ್ಣಾಂಶ ಮೈನಸ್ 51 ಡಿಗ್ರಿ ಸೆಲ್ಸಿಯಸ್‌ಗೆ ಕುಸಿದಿತ್ತು. ಅದೇ ವರ್ಷದ ಜುಲೈನಲ್ಲಿ ಅದೇ ರಾಜ್ಯದ ಸ್ಟೀಲ್ ಎಂಬಲ್ಲಿ 49 ಡಿಗ್ರಿಗೆ ಏರಿತು. ಐದೇ ತಿಂಗಳಲ್ಲಿ ನೂರು ಡಿಗ್ರಿಯ ಅಂತರ! ಬೇಸಿಗೆಯ ಹಗಲು ಬೆವರಿಳಿಸಿದ ಜಾಗದಲ್ಲಿ ರಾತ್ರಿ ದಪ್ಪ ಹೊದಿಕೆ ಹುಡುಕಬೇಕಾಗುತ್ತದೆ. ಇನ್ನು ಆಲಿಕಲ್ಲು. 2010ರ ಜುಲೈ 23ರಂದು ದಕ್ಷಿಣ ಡಕೋಟಾದ ವಿವಿಯನ್ ಎಂಬ ಪುಟ್ಟ ಊರಿನಲ್ಲಿ ಬಿದ್ದ ಆಲಿಕಲ್ಲಿನ ವ್ಯಾಸ 20 ಸೆಂಟಿಮೀಟರ್, ತೂಕ ಸುಮಾರು 880 ಗ್ರಾಂ. ಅಮೆರಿಕದಲ್ಲಿ ಅಳೆದು ದಾಖಲಿಸಿದ ಆಲಿಕಲ್ಲುಗಳಲ್ಲೇ ಅದು ದೊಡ್ಡದು. ಅಂಥದ್ದು ದಿನಾ ಬೀಳುವುದಿಲ್ಲ, ನಿಜ. ಆದರೆ ಡೇರೆಯ ಬಟ್ಟೆ ಹರಿಯಲು ಅದರ ಕಾಲುಭಾಗದ ಗಾತ್ರವೂ ಬೇಕಿಲ್ಲ.

ಸಿಡಿಲಿನ ವಿಷಯದಲ್ಲಿ ಇರುವ ನಂಬಿಕೆ ಇನ್ನೂ ಅಪಾಯದ್ದು. ಗುಡುಗು ಕೇಳಿದೊಡನೆ ಡೇರೆಯೊಳಗೆ ಸೇರಿ ಜಿಪ್ ಎಳೆದುಕೊಂಡರೆ ಸಾಕು ಎಂದು ಬಹಳ ಮಂದಿ ತಿಳಿದಿದ್ದಾರೆ. ಡೇರೆ ಸಿಡಿಲನ್ನು ತಡೆಯುವುದೇ ಇಲ್ಲ. ಮೈಲುಗಟ್ಟಲೆ ಸಮತಟ್ಟಾದ ನೆಲದಲ್ಲಿ ಎದ್ದು ನಿಂತದ್ದು ಅದೊಂದೇ ಆದರಂತೂ ಕೇಳುವುದೇ ಬೇಡ. ಕ್ಯಾಂಪ್‌ಗ್ರೌಂಡ್‌ನಲ್ಲಿ ಪೂರ್ತಿ ಗೋಡೆ ಕಟ್ಟಿದ ಶೌಚಾಲಯವೋ ಸ್ನಾನಗೃಹವೋ ಇದ್ದರೆ ಅಲ್ಲಿಗೆ ಹೋಗಬೇಕು. ಇಲ್ಲವಾದರೆ ಲೋಹದ ಚಾವಣಿಯ ಕಾರಿನೊಳಗೆ ಕೂತು ಗಾಜು ಏರಿಸಿಕೊಳ್ಳಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಬರಬಾರದು. ನೆರಳಿಗಾಗಿ ಕಾಟನ್‌ವುಡ್ ಮರದಡಿ ಡೇರೆ ಹಾಕಿದವರು ಗಾಳಿ ಎದ್ದಾಗ ತಲೆಯೆತ್ತಿ ನೋಡಲೇಬೇಕು. ಆ ಮರದ ಭಾರಿ ಕೊಂಬೆಗಳು ಮುರಿದು ಬೀಳುವುದುಂಟು.

ಹಾಗಾದರೆ ಗ್ಲ್ಯಾಂಪಿಂಗ್ ಎಂಬ ಐಷಾರಾಮಿ ಡೇರೆವಾಸ ಮಾಡಿದರಾಯಿತು, ಮಂಚ, ದೀಪ, ಒಲೆ ಎಲ್ಲ ಇರುತ್ತದಲ್ಲ ಎನ್ನುವವರಿದ್ದಾರೆ. ಮಂಚ ಬೆನ್ನಿಗೆ ಹಿತ. ಆದರೆ ಕ್ಯಾನ್‌ವಾಸ್ ಗೋಡೆ ಎಷ್ಟು ದುಬಾರಿಯಾದರೂ ಬಟ್ಟೆಯೇ, ಗಾಳಿಗೂ ಸಿಡಿಲಿಗೂ ಬಾಡಿಗೆಯ ದರ ತಿಳಿಯದು. ಈ ಐಷಾರಾಮ ಇತ್ತೀಚಿನ ಖಯಾಲಿ ಎಂಬುದೂ ಸರಿಯಲ್ಲ. 1872ರ ಜನವರಿಯಲ್ಲಿ ರಷ್ಯಾದ ರಾಜಕುಮಾರ ಅಲೆಕ್ಸಿ ಬೈಸನ್ ಬೇಟೆಗೆಂದು ನೆಬ್ರಾಸ್ಕಾದ ಬಯಲಿಗೆ ಬಂದಾಗ ಅಮೆರಿಕದ ಸೈನ್ಯ ಅವನಿಗಾಗಿ ಡೇರೆಗಳ ಬಿಡಾರವನ್ನೇ ಕಟ್ಟಿತ್ತು. ನೆಲಕ್ಕೆ ಜಮಖಾನ, ಒಳಗೆ ಒಲೆ, ಕುಡಿಯಲು ಶಾಂಪೇನ್. ಸೇನಾಧಿಕಾರಿಗಳಾದ ಜನರಲ್ ಶೆರಿಡನ್ ಮತ್ತು ಕಸ್ಟರ್, ಬೇಟೆಗಾರ ಬಫಲೋ ಬಿಲ್ ಜೊತೆಗಿದ್ದರು. ಸ್ಪಾಟೆಡ್ ಟೇಲ್ ಮುಂದಾಳತ್ವದ ಮೂಲನಿವಾಸಿ ಲಕೋಟಾ ಜನರನ್ನೂ ಅಲ್ಲಿಗೆ ಕರೆಸಲಾಗಿತ್ತು. ಆಮೇಲಿನ ಎರಡು ದಶಕ ತುಂಬುವ ಮೊದಲೇ, ಹಿಂದೆ ಕೋಟಿಗಟ್ಟಲೆ ಇದ್ದ ಬೈಸನ್ ಸಂತತಿ ಸುಮಾರು ಒಂದು ಸಾವಿರಕ್ಕೆ ಇಳಿದುಹೋಗಿತ್ತು.

ಬಾಡಿಗೆಗೆ ಕೊಡುವ, ಮೂಲನಿವಾಸಿಗಳ ಶೈಲಿಯ ಟಿಪಿ ಡೇರೆಗಳನ್ನು ಬರಿಯ ಅಲಂಕಾರವೆಂದುಕೊಳ್ಳುವವರು ಒಮ್ಮೆ ಅದರ ಸುತ್ತ ನಡೆದು ನೋಡಬೇಕು. ಅದು ನೇರವಾಗಿ ನಿಂತ ಶಂಕುವಲ್ಲ. ಹಿಂಭಾಗ ಕಡಿದಾಗಿದ್ದು, ಇಡೀ ರಚನೆ ಬೀಸಿ ಬರುವ ಗಾಳಿಗೆ ಬೆನ್ನುಕೊಟ್ಟು ಒರಗಿದಂತಿರುತ್ತದೆ. ಗಾಳಿ ಹೆಚ್ಚಾಗಿ ಪಡುವಣದಿಂದ ಬರುವುದರಿಂದ ಬಾಗಿಲು ಮೂಡಣಕ್ಕೆ. ಮೇಲಿನ ಎರಡು ಕಿವಿಗಳನ್ನು ಉದ್ದ ಕೋಲುಗಳಿಂದ ತಿರುಗಿಸಿದರೆ ಒಳಗಿನ ಹೊಗೆ ಹೊರಗೆ ಹೋಗುತ್ತದೆ. ಒಳಗೊಂದು ಅಸ್ತರಿ ಕಟ್ಟಿದರೆ ಮಲಗಿದವರ ಮೈಗೆ ನೇರ ಗಾಳಿ ತಾಗುವುದಿಲ್ಲ. ಲಕೋಟಾ, ಶಾಯೆನ್‌ನಂಥ ಜನಾಂಗಗಳು ಈ ಬಯಲನ್ನು ಬಲ್ಲ ಬಗೆ ಅದರಲ್ಲಿದೆ. ಈ ಪ್ರದೇಶದ ಅತ್ಯುತ್ತಮ ಡೇರೆ ಯಾವುದೆಂದು ಕೇಳಿದರೆ ಉತ್ತರ ಇದೇ.

ಬೈಸನ್ ಸಾಧು ಪ್ರಾಣಿ ಎನ್ನುವುದು ಇನ್ನೊಂದು ನಂಬಿಕೆ. ದಕ್ಷಿಣ ಡಕೋಟಾದ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಸೇಜ್ ಕ್ರೀಕ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಅವು ಡೇರೆಗಳ ನಡುವೆಯೇ ಮೇಯುತ್ತಾ ಬರುವುದರಿಂದ ಹಾಗನ್ನಿಸುವುದು ಸಹಜ. ಆದರೆ 900 ಕಿಲೋ ತೂಗುವ ಗಂಡು ಬೈಸನ್ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಬಾಲ ಎತ್ತಿತೆಂದರೆ ಕೆರಳಿದೆ ಎಂದರ್ಥ. ಅದನ್ನು ಓಡಿಸಲು ಹೋಗದೆ ತೊಂಬತ್ತು ಮೀಟರ್ ದೂರ ಸರಿದು, ಅದು ಹೋಗುವವರೆಗೆ ಕಾಯಬೇಕು. ಸೇಜ್ ಕ್ರೀಕ್‌ನಲ್ಲಿ ಕುಡಿಯುವ ನೀರು ಸಿಗುವುದಿಲ್ಲ. ಇಡೀ ಉದ್ಯಾನದಲ್ಲಿ ಸೌದೆ ಬೆಂಕಿ ಹಚ್ಚುವಂತಿಲ್ಲ, ಒಣಹುಲ್ಲಿಗೆ ಒಂದು ಕಿಡಿ ಸಾಕು. ಬೇರೆಡೆ ಬೆಂಕಿಗೆ ಅನುಮತಿ ಇದ್ದರೂ ಮನೆಯಿಂದ ಸೌದೆ ಒಯ್ಯಬಾರದು. ಕೋಟ್ಯಂತರ ಆ್ಯಶ್ ಮರಗಳನ್ನು ಕೊಂದಿರುವ ಹಸಿರು ಕೊರಕ ಹುಳು ಸೌದೆಯೊಳಗೆ ಕೂತು ಊರೂರು ದಾಟುತ್ತದೆ. ಬಯಲಿನ ಹೊಲಗಳಿಗೆ ಗಾಳಿತಡೆಯಾಗಿ ಸಾಲುಸಾಲು ನೆಟ್ಟಿರುವ ಮರಗಳಲ್ಲಿ ಆ್ಯಶ್ ಬಹಳ.

ಫೋರ್ ವೀಲ್ ಡ್ರೈವ್ ಇದ್ದರೆ ಯಾವ ಮಣ್ಣುದಾರಿಯಾದರೂ ಸರಿ ಎನ್ನುವವರು ಅಲ್ಲಿನವರು ‘ಗಂಬೊ’ ಎಂದು ಕರೆಯುವ ಜೇಡಿಯನ್ನು ಕಂಡಿಲ್ಲ. ಧಾರವಾಡ, ವಿಜಯಪುರದ ಎರೆಭೂಮಿಯಲ್ಲಿ ಮಳೆಗಾಲದಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಎರಡೂ ಕಡೆ ನೀರು ಕುಡಿದು ಉಬ್ಬುವ ಒಂದೇ ಗುಂಪಿನ ಜೇಡಿ ಖನಿಜಗಳಿವೆ. ಚಕ್ರಕ್ಕೆ ಮೆತ್ತಿಕೊಂಡ ಮೇಲೆ ಗಾಡಿ ಎಂಥದ್ದಾದರೂ ಒಂದೇ. ದಾರಿ ಒಣಗುವವರೆಗೆ ಇದ್ದಲ್ಲೇ ಇರಬೇಕು.

ಇಷ್ಟೆಲ್ಲಕ್ಕಿಂತ ಆಳದ ತಪ್ಪೊಂದಿದೆ: ಇದು ಖಾಲಿ ಭೂಮಿ, ಎಲ್ಲಿ ಬೇಕಾದರೂ ಡೇರೆ ಹಾಕಬಹುದು ಎಂಬುದು. ಹೊರಗಿನವರ ಕಣ್ಣಿಗೆ ಒಂದೇ ಹುಲ್ಲಾಗಿ ಕಾಣುವುದು ನಕ್ಷೆಯಲ್ಲಿ ತೇಪೆ ತೇಪೆ. ಒಂದು ತುಂಡು ಖಾಸಗಿ ರ‍್ಯಾಂಚ್, ಪಕ್ಕದ್ದು ಸರ್ಕಾರದ್ದು, ಅದರಾಚೆಯದು ಮೂಲನಿವಾಸಿಗಳ ಮೀಸಲು ಪ್ರದೇಶ. ರಾಷ್ಟ್ರೀಯ ಹುಲ್ಲುಗಾವಲುಗಳಲ್ಲಿ ಬಹುಪಾಲು ಕಡೆ ಹದಿನಾಲ್ಕು ದಿನದವರೆಗೆ ಉಚಿತವಾಗಿ ತಂಗಬಹುದು, ಸರಿ. ಆದರೆ ಆ ಹುಲ್ಲುಗಾವಲುಗಳ ಬಹುಭಾಗ 1930ರ ದಶಕದ ಬರ ಮತ್ತು ಧೂಳು ಬಿರುಗಾಳಿಗೆ ಸೋತ ರೈತರಿಂದ ಸರ್ಕಾರ ಕೊಂಡ ಜಮೀನು.

ಉತ್ತರ ಡಕೋಟಾದ ಸಕಾಕವಿಯಾ ಸರೋವರದ ದಡದ ಕ್ಯಾಂಪ್‌ಗ್ರೌಂಡ್‌ಗಳು ದೋಣಿ ವಿಹಾರಕ್ಕೆ ಬರುವವರಿಂದ ತುಂಬಿರುತ್ತವೆ. ಆ ನೀರು ನಿಂತಿದ್ದು 1953ರಲ್ಲಿ, ಮಿಸೌರಿ ನದಿಗೆ ಕಟ್ಟಿದ ಗ್ಯಾರಿಸನ್ ಅಣೆಕಟ್ಟಿನಿಂದ. ಮ್ಯಾಂಡನ್, ಹಿಡಾಟ್ಸ, ಅರಿಕರ ಜನರ ಫೋರ್ಟ್ ಬರ್ತೋಲ್ಡ್ ಮೀಸಲಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಎಕರೆ ಅದಕ್ಕೆ ಹೋಯಿತು. ನದಿಬಯಲಿನ ಅವರ ಹೊಲಗಳು ಮುಳುಗಿದವು. ಆಸ್ಪತ್ರೆ, ಶಾಲೆ, ಆಡಳಿತ ಕಚೇರಿಗಳಿದ್ದ ಎಲ್ಬೊವುಡ್ಸ್ ಊರು ನೀರಿನಡಿಯಲ್ಲಿದೆ. ಅಲ್ಲಿಂದ ಎದ್ದವರು ಎತ್ತರದ, ಗಾಳಿಗೆ ಒಡ್ಡಿದ ನೆಲದಲ್ಲಿ ಹೊಸದಾಗಿ ಮನೆ ಕಟ್ಟಿಕೊಳ್ಳಬೇಕಾಯಿತು. ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಆ ಸರೋವರದ ಸುತ್ತಲೇ ಇದ್ದಾರೆ. ಅವರ ಬುಡಕಟ್ಟು ಸರ್ಕಾರ ಬೇಟೆಗೆ, ಮೀನುಗಾರಿಕೆಗೆ ತನ್ನದೇ ಪರವಾನಗಿ ಕೊಡುತ್ತದೆ. ಅವರ ನೆಲದಲ್ಲಿ ಡೇರೆ ಹಾಕಬೇಕೆಂದಿರುವವರು ಮೊದಲು ಕೇಳಬೇಕಾದದ್ದು ಆ ಬುಡಕಟ್ಟು ಸರ್ಕಾರವನ್ನು.